ಕಟ್ಟೆಯೇರಿದ ತುಳಸಿ

ದೀಪಾವಳಿ ಅಮಾವಾಸ್ಯೆ ಕಳೆದು ಹನ್ನೆರಡನೆಯ ದಿನ ಉತ್ಥಾನ ದ್ವಾದಶಿ. ಅಂದು ಸಂಜೆ ಕನ್ನಡನಾಡಿನ ಅಸಂಖ್ಯ ಮನೆಗಳ ಅಂಗಳದಲ್ಲಿ ಒಂದು ಮದುವೆ ನಡೆಯುತ್ತದೆ. ವಧು ತುಳಸಿ ಗಿಡ. ಪಕ್ಕದಲ್ಲಿ ನೆಟ್ಟ, ಕಾಯಿ ಬಿಟ್ಟ ನೆಲ್ಲಿಯ ಕೊಂಬೆಯೇ ವರ. ಕೆಲವು ಮನೆಗಳಲ್ಲಿ ಕೃಷ್ಣನ ವಿಗ್ರಹವೋ ಸಾಲಿಗ್ರಾಮವೋ ಆ ಸ್ಥಾನದಲ್ಲಿರುತ್ತದೆ. ಕಬ್ಬಿನ ಜಲ್ಲೆಯ ಮಂಟಪ, ನೆಲ್ಲಿಕಾಯಿ ಕೊರೆದು ತುಪ್ಪದ ಬತ್ತಿ ಹಚ್ಚಿದ ದೀಪ, ಸಾಲಾಗಿ ಹಣತೆ. ಉತ್ತರ ಕರ್ನಾಟಕದ ಕಡೆ ಇದಕ್ಕೆ ತುಳಸಿ ಲಗ್ನವೆಂದೇ ಹೆಸರು. ಆಷಾಢದಲ್ಲಿ ಮಲಗಿದ ವಿಷ್ಣು ನಾಲ್ಕು ತಿಂಗಳ ನಿದ್ದೆ ಮುಗಿಸಿ ಏಳುವ ಕಾಲವಿದು. ಈ ಲಗ್ನ ಮುಗಿದ ಮೇಲೆಯೇ ಮನುಷ್ಯರ ಮದುವೆಗೆ ಮುಹೂರ್ತ ಹುಡುಕುವ ರೂಢಿ ಅನೇಕ ಕಡೆ ಇದೆ.

ಆದರೆ ಈ ಮದುವೆಯ ಹಿಂದಿರುವ ಕಥೆ ಸಂಭ್ರಮದ್ದಲ್ಲ. ಜಲಂಧರನೆಂಬ ಅಸುರನ ಹೆಂಡತಿ ವೃಂದೆ. ಅವಳ ಪಾತಿವ್ರತ್ಯವೇ ಗಂಡನಿಗೆ ರಕ್ಷಾಕವಚ. ಅದು ಮುರಿಯದೆ ಜಲಂಧರ ಸಾಯುವುದಿಲ್ಲ. ದೇವತೆಗಳ ಕಷ್ಟ ನೋಡಲಾರದೆ ವಿಷ್ಣು ಜಲಂಧರನ ವೇಷದಲ್ಲಿ ಅವಳ ಬಳಿಗೆ ಹೋಗುತ್ತಾನೆ. ಅತ್ತ ಗಂಡ ಸಾಯುತ್ತಾನೆ, ಇತ್ತ ಮೋಸ ತಿಳಿದ ವೃಂದೆ ವಿಷ್ಣುವನ್ನು ಶಪಿಸಿ ಬೆಂಕಿಗೆ ಬೀಳುತ್ತಾಳೆ. ಅಲ್ಲಿ ಹುಟ್ಟಿದ್ದು ತುಳಸಿ. ಬ್ರಹ್ಮವೈವರ್ತ ಪುರಾಣದಲ್ಲಿ ಹೆಸರುಗಳು ಬೇರೆ: ಗಂಡ ಶಂಖಚೂಡ, ಹೆಂಡತಿ ತುಳಸಿ. ಅವಳ ಶಾಪದಿಂದ ವಿಷ್ಣು ಕಲ್ಲಾಗುತ್ತಾನೆ, ಅವಳು ಗಂಡಕಿ ನದಿಯಾಗಿ ಹರಿಯುತ್ತಾಳೆ, ಅವಳ ಕೇಶವೇ ಗಿಡವಾಗುತ್ತದೆ. ನೇಪಾಳದ ಆ ನದಿಯಲ್ಲಿ ಸಿಗುವ ಸಾಲಿಗ್ರಾಮಕ್ಕೆ ತುಳಸಿಯಿಲ್ಲದೆ ಪೂಜೆಯಿಲ್ಲ. ದೇವರೇ ತಪ್ಪು ಮಾಡಿ ಶಾಪ ಉಣ್ಣುವ ಇಂಥ ಕಥೆಯನ್ನು ಪುರಾಣಕಾರರು ಮುಚ್ಚಿಡಲಿಲ್ಲ. ಪ್ರತಿವರ್ಷ ನಡೆಯುವ ಲಗ್ನವನ್ನು ಆ ಅನ್ಯಾಯಕ್ಕೆ ಪರಿಹಾರವೆಂದು ನೋಡಿದರೆ ತಪ್ಪಾಗಲಾರದು.

ಗಮನಿಸಬೇಕಾದ ಸಂಗತಿಯೆಂದರೆ, ವೇದಕಾಲದ ಯಜ್ಞಗಳಲ್ಲಿ ದರ್ಭೆ, ಮುತ್ತುಗ, ಅಶ್ವತ್ಥಗಳಿಗೆ ಇದ್ದ ಪ್ರಾಮುಖ್ಯ ತುಳಸಿಗೆ ಇರಲಿಲ್ಲ. ಅದರ ಮಹಿಮೆ ಬೆಳೆದದ್ದು ಪುರಾಣಗಳ ಜೊತೆಗೆ, ವಿಷ್ಣುಭಕ್ತಿಯ ಜೊತೆಗೆ. ಯಜ್ಞಕ್ಕೆ ಪುರೋಹಿತ ಬೇಕು, ದೇವಸ್ಥಾನಕ್ಕೆ ಅರ್ಚಕ ಬೇಕು. ತುಳಸಿಗೆ ಮನೆಯ ಹೆಂಗಸು ಸಾಕು. ಬೆಳಿಗ್ಗೆ ಮಿಂದು ಒಂದು ತಂಬಿಗೆ ನೀರೆರೆದು, ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಮುಂದೆ ರಂಗೋಲಿ ಎಳೆದು ಪ್ರದಕ್ಷಿಣೆ ಹಾಕಿದರೆ ಪೂಜೆ ಮುಗಿಯಿತು. ಆಷಾಢದಲ್ಲಿ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ವಾರಕರಿ ಹೆಂಗಸರು ಪುಟ್ಟ ತುಳಸಿ ಬೃಂದಾವನವನ್ನು ತಲೆಯ ಮೇಲೆ ಹೊತ್ತೇ ನಡೆಯುತ್ತಾರೆ. ಕೊರಳಲ್ಲಿ ತುಳಸಿಮಣಿಯ ಮಾಲೆ ಧರಿಸಿದವರು ಮಾಂಸ, ಮದ್ಯ ಮುಟ್ಟುವುದಿಲ್ಲ.

ಕಟ್ಟೆಗೆ ಬೃಂದಾವನ ಎಂಬ ಹೆಸರು ಬಂದದ್ದು ವೃಂದೆಯಿಂದ. ಮಾಧ್ವ ಯತಿಗಳ ಸಮಾಧಿಗಳಿಗೂ ಇದೇ ಹೆಸರು, ಆಕಾರವೂ ತುಳಸಿಕಟ್ಟೆಯದೇ. ಆನೆಗೊಂದಿಯ ನವಬೃಂದಾವನವಾಗಲಿ, 1671ರಲ್ಲಿ ರಾಘವೇಂದ್ರ ತೀರ್ಥರು ಬೃಂದಾವನಸ್ಥರಾದ ಮಂತ್ರಾಲಯವಾಗಲಿ ನೋಡಿದವರಿಗೆ ಇದು ತಿಳಿದದ್ದೇ. ಸಾಯುವವರ ಬಾಯಿಗೆ ತುಳಸಿ ನೀರು ಬಿಡುವ ಪದ್ಧತಿಯನ್ನೂ ಸೇರಿಸಿಕೊಂಡರೆ, ಮದುವೆಯಿಂದ ಮರಣದವರೆಗೂ ಈ ಗಿಡ ಜೊತೆಗಿರುತ್ತದೆ.

ಅಂಗಳದ ಈ ಗಿಡ ಎಷ್ಟು ಬಲಶಾಲಿ ಎಂಬುದನ್ನು ಭಕ್ತರಿಗಿಂತ ಚೆನ್ನಾಗಿ ಅರಿತಿದ್ದವರು ಆಳುವವರೆಂದು ತೋರುತ್ತದೆ. ಗೋವಾದಲ್ಲಿ ಪೋರ್ಚುಗೀಸರು 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣಾ ಮಂಡಳಿಯನ್ನು ಸ್ಥಾಪಿಸಿದರು. ಮತಾಂತರಗೊಂಡವರು ಹಳೆಯ ಆಚಾರಗಳನ್ನು ಬಿಟ್ಟಿದ್ದಾರೆಯೇ ಎಂದು ಕಾಯುವುದು ಅದರ ಕೆಲಸ. 1736ರಲ್ಲಿ ಅದು ಹೊರಡಿಸಿದ ಶಾಸನದಲ್ಲಿ ಮದುವೆಯ ಹಾಡು, ಅರಿಶಿನ, ವೀಳ್ಯ, ಉಡುಪು ಹೀಗೆ ನಿಷೇಧಗಳ ದೊಡ್ಡ ಪಟ್ಟಿಯೇ ಇತ್ತು. ಮನೆಯಂಗಳದಲ್ಲಿ, ತೋಟದಲ್ಲಿ ತುಳಸಿ ಬೆಳೆಸಬಾರದು ಎಂಬುದೂ ಅದರಲ್ಲೊಂದು. ಒಂದು ಗಿಡಕ್ಕೆ ರಾಜ್ಯವೊಂದು ಇಷ್ಟು ಹೆದರಿದ ಉದಾಹರಣೆ ಅಪರೂಪ. ಗೋವಾದಿಂದ ಹೊರಟು ಕಾರವಾರ, ಮಂಗಳೂರು ಸೀಮೆಗಳಲ್ಲಿ ನೆಲೆಸಿದ ಕೊಂಕಣಿ ಮನೆತನಗಳ ಅಂಗಳದಲ್ಲಿ ತುಳಸಿಕಟ್ಟೆ ಉಳಿಯಿತು. ಗೋವಾದ ಹಳೆಯ ಕ್ರೈಸ್ತ ಮನೆಗಳ ಮುಂದೆ ಇಂದಿಗೂ ಪೀಠದ ಮೇಲೆ ಶಿಲುಬೆ ನಿಂತಿರುವುದನ್ನು ಕಾಣಬಹುದು. ಆ ಪೀಠದ ರೂಪ ತುಳಸಿಕಟ್ಟೆಯನ್ನೇ ಹೋಲುತ್ತದೆ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಮಂಡಳಿ ಕೊನೆಗೆ ರದ್ದಾದದ್ದು 1812ರಲ್ಲಿ.

ಇಂಗ್ಲಿಷರ ಲೆಕ್ಕಾಚಾರ ಬೇರೆ. ಅವರು ತುಳಸಿಯನ್ನು ಕೀಳಿಸಲಿಲ್ಲ, ಕಟಕಟೆಗೆ ತಂದರು. ಈಸ್ಟ್ ಇಂಡಿಯಾ ಕಂಪನಿಯ ನ್ಯಾಯಾಲಯಗಳಲ್ಲಿ ಹಿಂದೂ ಸಾಕ್ಷಿಗೆ ಗಂಗಾಜಲ, ತುಳಸಿ ಮುಟ್ಟಿಸಿ ಪ್ರಮಾಣ ಮಾಡಿಸುತ್ತಿದ್ದರು. ತುಳಸಿ ಹಿಡಿದು ಸುಳ್ಳಾಡಲಾರ ಎಂಬುದು ಅವರ ನಂಬಿಕೆ. ಆದರೆ ನಿಜ ಹೇಳಬೇಕೆಂದಿದ್ದವರೂ ದೇವರ ಹೆಸರಿನ ಆಣೆಗೆ ಅಂಜಿದರು. ಆಣೆ ಇಡುವುದೇ ದೋಷವೆಂದು ಭಾವಿಸುವವರು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರಲ್ಲ! ಇಂಥ ಪ್ರಮಾಣ ಜನರ ಮನಸ್ಸಿಗೆ ಒಗ್ಗದೆ ನ್ಯಾಯಕ್ಕೇ ಅಡ್ಡಿಯಾಗಿದೆ ಎಂದು ಒಪ್ಪಿಕೊಂಡ ಸರ್ಕಾರ 1840ರ ಐದನೆಯ ಕಾಯಿದೆಯಿಂದ ಅದನ್ನು ಕೈಬಿಟ್ಟು, ಸತ್ಯವನ್ನೇ ಹೇಳುತ್ತೇನೆಂಬ ಘೋಷಣೆಯನ್ನು ಜಾರಿಗೆ ತಂದಿತು.

ಸಸ್ಯಶಾಸ್ತ್ರಕ್ಕೂ ಈ ಪಾವಿತ್ರ್ಯ ತಟ್ಟಿದೆ. ಸ್ವೀಡನ್ನಿನ ಲಿನೇಯಸ್ 1767ರಲ್ಲಿ ಇದನ್ನು 'ಓಸಿಮಮ್ ಸ್ಯಾಂಕ್ಟಮ್' ಎಂದು ಕರೆದ. ಲ್ಯಾಟಿನ್‌ನಲ್ಲಿ ಸ್ಯಾಂಕ್ಟಮ್ ಎಂದರೆ ಪವಿತ್ರ. ಅದೇ ಗಿಡಕ್ಕೆ ಆತ 1753ರಲ್ಲಿಯೇ 'ಟೆನ್ಯುಫ್ಲೋರಮ್' ಎಂಬ ಸಪ್ಪೆ ಹೆಸರಿಟ್ಟಿದ್ದರಿಂದ, ಮೊದಲಿಟ್ಟ ಹೆಸರೇ ಸಿಂಧು ಎಂಬ ನಿಯಮದಂತೆ ವಿಜ್ಞಾನಿಗಳು ಈಗ ಅದನ್ನೇ ಬಳಸುತ್ತಾರೆ.

ಬೆಂಗಳೂರಿನ ಗಾಂಧಿಬಜಾರಿನಲ್ಲಿ ಹಬ್ಬದ ಹಿಂದಿನ ದಿನ ನೆಲ್ಲಿಕೊಂಬೆಗಳ ರಾಶಿ ಬೀಳುತ್ತದೆ. ಕೊಳ್ಳುವವರಲ್ಲಿ ಅಂಗಳವಿಲ್ಲದವರೇ ಹೆಚ್ಚು. ಫ್ಲಾಟಿನ ಬಾಲ್ಕನಿಯ ಕುಂಡದಲ್ಲೇ ಕೊಂಬೆ ಸಿಕ್ಕಿಸಿ ಲಗ್ನ ಮಾಡುತ್ತಾರೆ. ಗೋಡೆಗೆ ಒತ್ತಿಕೊಂಡ ಕುಂಡಕ್ಕೆ ಸುತ್ತು ಬರಲು ಜಾಗವಿರುವುದಿಲ್ಲ. ಆಗ ಅದರ ಮುಂದೆ ನಿಂತು, ತಮ್ಮ ಸುತ್ತ ತಾವೇ ಮೂರು ಸಲ ತಿರುಗುತ್ತಾರೆ.