ಪೂಯಿ ಚಕ್ರವರ್ತಿಯ ಪ್ಲಾಟಿನಂ ಕೈಗಡಿಯಾರ: ಹರಾಜಿನ ಬೆಲೆ ಮತ್ತು ಇತಿಹಾಸದ ಸಾಕ್ಷ್ಯ

2023ನೆಯ ಇಸವಿಯ ಮೇ ತಿಂಗಳಲ್ಲಿ ಹಾಂಗ್‌ಕಾಂಗ್ ನಗರದಲ್ಲಿ ಫಿಲಿಪ್ಸ್ ಸಂಸ್ಥೆಯವರು ನಡೆಸಿದ ಹರಾಜಿನಲ್ಲಿ ಪ್ಲಾಟಿನಂ ಕವಚದ ಹಳೆಯ ಕೈಗಡಿಯಾರವೊಂದು ಸುಮಾರು 62 ಲಕ್ಷ ಅಮೆರಿಕನ್ ಡಾಲರುಗಳಿಗೆ ಮಾರಾಟವಾಯಿತು. ಅದರ ಅಡ್ಡಳತೆ ಸುಮಾರು ಮೂರು ಸೆಂಟಿಮೀಟರು ಮಾತ್ರ. ಅಂಕೆಗಳಿರುವ ಮುಖಫಲಕದ ಒಂದು ಭಾಗವು ಕೆರೆದುಹೋಗಿದೆ. ಇಂತಹುದಕ್ಕೆ ಇಷ್ಟು ಧನವನ್ನು ತೆತ್ತವರು ನಿಜವಾಗಿ ಕೊಂಡುದೇನು ಎಂಬ ಪ್ರಶ್ನೆಯು ಇತಿಹಾಸದ ವಿದ್ಯಾರ್ಥಿಗೂ ಸಂಬಂಧಿಸಿದುದೇ ಆಗಿದೆ.

ಲೋಹವನ್ನಂತೂ ಅಲ್ಲ. ಈ ಗಡಿಯಾರವನ್ನು ತಯಾರಿಸಿದ ಪಟೇಕ್ ಫಿಲಿಪ್ ಕಾರ್ಖಾನೆಯದೇ ಆದ ಇನ್ನೊಂದು ಕೈಗಡಿಯಾರ, ಬರಿಯ ಉಕ್ಕಿನದು, 2016ರಲ್ಲಿ ಜಿನೀವಾದಲ್ಲಿ 1 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕುಗಳನ್ನು ತಂದಿತು. ವಜ್ರಗಳ ಮಾತೂ ಹಾಗೆಯೇ. ವಿಯೆಟ್ನಾಮಿನ ಕಡೆಯ ಚಕ್ರವರ್ತಿ ಬಾವೋ ದಾಯಿಯ ರೋಲೆಕ್ಸ್ ಗಡಿಯಾರದ ಕಪ್ಪು ಮುಖದ ಮೇಲೆ ಗಂಟೆಯ ಗುರುತುಗಳಾಗಿ ವಜ್ರಗಳಿವೆ. 2002ರಲ್ಲಿ ಸುಮಾರು 2,35,000 ಡಾಲರುಗಳಿಗೆ ಹೋದ ಅದು 2017ರಲ್ಲಿ 50 ಲಕ್ಷ ಡಾಲರುಗಳನ್ನು ಮೀರಿತು. ಹದಿನೈದು ವರ್ಷಗಳಲ್ಲಿ ವಜ್ರಗಳೇನೂ ಬೆಳೆಯಲಿಲ್ಲ. ಬೆಳೆದುದು ಒಡೆಯನ ಹೆಸರಿಗೆ ಸಲ್ಲುವ ಬೆಲೆ.

ಹಾಂಗ್‌ಕಾಂಗಿನ ಗಡಿಯಾರದ ಒಡೆಯನು ಚೀನದ ಕಡೆಯ ಚಕ್ರವರ್ತಿ ಪೂಯಿ. 1908ರಲ್ಲಿ ಶಿಶುವಾಗಿ ಸಿಂಹಾಸನವೇರಿ, 1912ರಲ್ಲಿ ಅದನ್ನು ತ್ಯಜಿಸಿ, ಮುಂದೆ ಜಪಾನೀಯರ ಕೈಗೊಂಬೆಯಾಗಿ ಮಂಚೂರಿಯವನ್ನಾಳಿದ ಈತನು 1945ರ ಆಗಸ್ಟಿನಲ್ಲಿ ಸೋವಿಯತ್ ಸೈನ್ಯಕ್ಕೆ ಸೆರೆಸಿಕ್ಕಿ, ಚಿತಾದಲ್ಲಿಯೂ ಬಳಿಕ ಖಬಾರೊವ್‌ಸ್ಕಿನಲ್ಲಿಯೂ ಬಂದಿಯಾಗಿದ್ದನು. ಗಡಿಯಾರವೂ ಜತೆಯಲ್ಲಿತ್ತು. ತಿಂಗಳು, ವಾರ, ತಾರೀಖು, ಚಂದ್ರನ ಕಲೆ ಇವನ್ನೆಲ್ಲ ತೋರಿಸುವ ಈ ಮಾದರಿಯವು ಎಂಟೇ ತಿಳಿದುಬಂದಿವೆ. 1937ರಲ್ಲಿ ಪ್ಯಾರಿಸಿನ ಅಂಗಡಿಯೊಂದರ ಮೂಲಕ ಮಾರಾಟವಾದ ಇದು ಅಲ್ಲಿಂದ ಪೂಯಿಯ ಕೈಸೇರಿದ ದಾರಿಗೆ ದಾಖಲೆಯಿಲ್ಲ.

ಮುಖಫಲಕದ ಗಾಯದ ಕಥೆಯೇ ನಮಗೆ ಮುಖ್ಯವಾದುದು. ಕವಚದಂತೆ ಫಲಕವೂ ಪ್ಲಾಟಿನಮ್ಮಿನದೇ ಎಂದು ತಿಳಿಯಲು ಸೆರೆಮನೆಯಲ್ಲಿ ಪೂಯಿಯು ತನ್ನ ಸೇವಕನಿಂದ ಅದನ್ನು ಕೆರೆಯಿಸಿದನಂತೆ. ಒಳಗೆ ಹಿತ್ತಾಳೆ ಕಂಡಿತು, ಕೆರೆಯುವುದು ನಿಂತಿತು. ಸಾಮ್ರಾಜ್ಯವನ್ನೇ ಕಳೆದುಕೊಂಡವನು ಬೆರಳಗಲದ ಲೋಹಕ್ಕಾಗಿ ಹೀಗೆ ಪರೀಕ್ಷೆ ನಡೆಸಿದುದು ನಗೆಗೂ ಮರುಕಕ್ಕೂ ಎಡೆಗೊಡುವ ಸಂಗತಿ. ಇತರ ಗಡಿಯಾರಗಳಲ್ಲಿ ಇಂತಹ ಗಾಯವು ಬೆಲೆಯನ್ನು ಕುಗ್ಗಿಸುತ್ತಿತ್ತು. ಇಲ್ಲಿ ಅದೇ ಗುರುತಿನ ಮುದ್ರೆಯಾಯಿತು. 1950ರಲ್ಲಿ ಚೀನಕ್ಕೆ ಹಿಂದಿರುಗುವ ಮುನ್ನ ಪೂಯಿಯು ಅದನ್ನು ತನ್ನ ದುಭಾಷಿಯಾದ ಪೆರ್ಮ್ಯಾಕೊವ್‌ನಿಗೆ ಕೊಟ್ಟನು. ಸೆರೆಯಲ್ಲಿ ಜತೆಗಿದ್ದ ಪೂಯಿಯ ಬಂಧು ಯುಯುವಾನನ ಬರಹವು ಈ ಕೊಡುಗೆಗೆ ಆಧಾರ.

ತಾಮ್ರಶಾಸನವನ್ನು ತಾಮ್ರದ ತೂಕದಿಂದ ಬೆಲೆಕಟ್ಟುವವರು ನಮ್ಮಲ್ಲಿ ಯಾರೂ ಇಲ್ಲ. ಅದು ಕೂಟಶಾಸನವಲ್ಲವೆಂಬುದನ್ನು ಮೊದಲು ನೋಡುತ್ತೇವೆ. ಹರಾಜುಗಾರರೂ ಮಾಡಿದುದು ಅದನ್ನೇ, ಶ್ರದ್ಧೆಯಿಂದಲೇ ಮಾಡಿದರು. ಆದರೆ ಪರೀಕ್ಷಕನೇ ಮಾರಾಟಗಾರನೂ ಆಗಿರುವಲ್ಲಿ, ಅವನ ಶೋಧನೆಯ ಪ್ರತಿಯೊಂದು ಸಾಲೂ ಬೆಲೆಯನ್ನು ಏರಿಸುವಲ್ಲಿ, ಓದುಗನು ಹೆಚ್ಚು ಎಚ್ಚರದಿಂದಿರಬೇಕಾಗುತ್ತದೆ. ಸಂಗ್ರಹಕಾರರನ್ನು ಬರಿಯ ಆಡಂಬರದವರೆಂದು ಜರೆಯುವುದು ಸುಲಭ. ಅವರ ಆಸಕ್ತಿಯಿಲ್ಲದಿದ್ದರೆ ಯುಯುವಾನನ ಬರಹವನ್ನೂ ಕಾರ್ಖಾನೆಯ ದಫ್ತರವನ್ನೂ ಒಟ್ಟಿಗೆ ಇಟ್ಟು ನೋಡುವವರು ಯಾರಿದ್ದರು?

ನನಗೆ ಚಿಂತೆಯನ್ನುಂಟುಮಾಡುವುದು ಬೇರೊಂದು. ಪೂಯಿಯು ಪೆರ್ಮ್ಯಾಕೊವ್‌ನಿಗೆ ಬರೆದುಕೊಟ್ಟ ಕೆಂಪು ಕಾಗದದ ಬೀಸಣಿಗೆ, ಪೂಯಿಯ ಕೈಬರಹದ ಪುಸ್ತಕ, ಇವೂ ಅಂದಿನ ಹರಾಜಿಗೇ ಬಂದಿದ್ದುವು, ಬೇರೆ ಬೇರೆ ವಸ್ತುಗಳಾಗಿ. ದುಭಾಷಿಯ ಮನೆಯಲ್ಲಿ ಒಂದನ್ನೊಂದು ಸಮರ್ಥಿಸುತ್ತ ಒಟ್ಟಿಗಿದ್ದ ಸಾಕ್ಷ್ಯಗಳು ಸುತ್ತಿಗೆಯ ಪ್ರತಿಯೊಂದು ಪೆಟ್ಟಿಗೂ ಒಂದೊಂದಾಗಿ ಅಗಲಿದುವು.