ಬೆರಕೆಯೋ, ಕಲಬೆರಕೆಯೋ?



ಊರು ಬಿಟ್ಟು ಎಷ್ಟು ವರ್ಷವಾದರೂ ಕಾಫಿಪುಡಿಯ ವಿಷಯದಲ್ಲಿ ನಾವು ರಾಜಿಯಾಗುವುದಿಲ್ಲ. ಮಾಟುಂಗದ ಅಂಗಡಿಯಲ್ಲಾಗಲಿ, ಮೈಲಾಪುರದಲ್ಲಾಗಲಿ ‘80–20 ಕೊಡಿ’ ಎಂದು ಕೇಳಿ ಪುಡಿ ಮಾಡಿಸಿಕೊಳ್ಳುತ್ತೇವೆ. ಅಂದರೆ 80 ಪಾಲು ಕಾಫಿ, 20 ಪಾಲು ಚಿಕೋರಿ. ಇಲ್ಲಿ ಬೆರೆಸಿದ್ದಕ್ಕೆ ನಮಗೆ ಬೇಸರವಿಲ್ಲ. ಹಾಲಿನವನು ನೀರು ಬೆರೆಸಿದರೆ ಮಾತ್ರ ಜಗಳಕ್ಕೆ ನಿಲ್ಲುತ್ತೇವೆ. ಏಕೆ ಹೀಗೆ? ಇದಕ್ಕೆ ಉತ್ತರ ‘ಅಡಲ್ಟರೇಟ್’ ಎಂಬ ಇಂಗ್ಲಿಷ್ ಕ್ರಿಯಾಪದದ ಚರಿತ್ರೆಯಲ್ಲಿದೆ.

ಈ ಪದದ ಮೂಲ ಲ್ಯಾಟಿನ್. ಕೆಡಿಸುವುದು, ಖೋಟಾ ಮಾಡುವುದು, ದಾಂಪತ್ಯಕ್ಕೆ ದ್ರೋಹ ಬಗೆಯುವುದು ಎಂಬ ಅರ್ಥಗಳೆಲ್ಲ ಅದಕ್ಕಿದ್ದವು. ವ್ಯಭಿಚಾರ ಎಂಬ ಅರ್ಥದ ‘ಅಡಲ್ಟರಿ’ ಕೂಡ ಅದೇ ಬೇರಿನದು. ವಯಸ್ಕ ಎಂಬ ಅರ್ಥದ ‘ಅಡಲ್ಟ್’ ಪದಕ್ಕೂ ಇದಕ್ಕೂ ನಂಟಿಲ್ಲ. ಅದು ‘ಬೆಳೆಯುವುದು’ ಎಂಬ ಬೇರೊಂದು ಮೂಲದಿಂದ ಬಂದದ್ದು. ಅಂತೂ ‘ಅಡಲ್ಟರೇಟ್’ನಲ್ಲಿ ಬೆರೆಸುವುದಕ್ಕಿಂತ ನಂಬಿಸಿ ಮೋಸ ಮಾಡುವುದೇ ಮುಖ್ಯ. ಚರಂಡಿ ನೀರು ಕುಡಿಯುವ ನೀರಿನ ಕೊಳವೆಗೆ ಸೇರಿಕೊಂಡರೆ ಇಂಗ್ಲಿಷಿನಲ್ಲಿ ಅದಕ್ಕೆ ‘ಕಂಟಾಮಿನೇಟ್’ ಎನ್ನುತ್ತಾರೆ. ಅದು ಯಾರ ಉದ್ದೇಶವೂ ಇಲ್ಲದೆ ಆಗಬಹುದು.

ಈ ಪದ ಮನೆಮಾತಾದದ್ದು 19ನೇ ಶತಮಾನದ ಲಂಡನ್ನಿನಲ್ಲಿ. 1820ರಲ್ಲಿ ಫ್ರೆಡರಿಕ್ ಅಕ್ಕಮ್ ಎಂಬ ರಸಾಯನಶಾಸ್ತ್ರಜ್ಞ ಆಹಾರದ ಕಲಬೆರಕೆಯ ಬಗ್ಗೆ ಪುಸ್ತಕವನ್ನೇ ಬರೆದ. ಆದರೂ ವ್ಯಾಪಾರ ಹಾಗೆಯೇ ನಡೆಯಿತು. 1850ರಲ್ಲಿ ಕಾಫಿಯ ವಿಷಯ ಬ್ರಿಟಿಷ್ ಸಂಸತ್ತಿಗೂ ಬಂತು. ಹೆಸರಾಂತ ರಸಾಯನಶಾಸ್ತ್ರಜ್ಞರ ವರದಿಯನ್ನು ಮುಂದಿಟ್ಟುಕೊಂಡ ಹಣಕಾಸು ಸಚಿವ ಚಾರ್ಲ್ಸ್ ವುಡ್, ಕಾಫಿಯಲ್ಲಿ ಚಿಕೋರಿ ಬೆರೆತಿದೆಯೇ ಎಂದು ಖಚಿತವಾಗಿ ಪತ್ತೆ ಮಾಡಲು ಸಾಧ್ಯವಿಲ್ಲ ಎಂದರು.

ಸಾಧ್ಯವಿದೆ ಎಂದು ತೋರಿಸಿದವರು ಆರ್ಥರ್ ಹಿಲ್ ಹ್ಯಾಸಲ್ ಎಂಬ ವೈದ್ಯರು. ಅವರು ಬಳಸಿದ್ದು ಸೂಕ್ಷ್ಮದರ್ಶಕವನ್ನು. ಕಾಫಿ ಒಂದು ಬೀಜ, ಚಿಕೋರಿ ಒಂದು ಬೇರು. ಹುರಿದು ಪುಡಿ ಮಾಡಿದ ಮೇಲೂ ಎರಡರ ಜೀವಕೋಶಗಳ ಆಕಾರ ಬೇರೆಬೇರೆಯಾಗಿಯೇ ಕಾಣುತ್ತದೆ. 1851ರಿಂದ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆ ಹ್ಯಾಸಲ್ ಅವರ ವರದಿಗಳನ್ನು ಅಂಗಡಿಯವರ ಹೆಸರು, ವಿಳಾಸ ಸಮೇತ ಪ್ರಕಟಿಸತೊಡಗಿತು. ಶುದ್ಧ ಮಾಲು ಮಾರಿದವರ ಹೆಸರೂ ಅದರಲ್ಲಿರುತ್ತಿತ್ತು.

ಆದರೂ ಕಾನೂನು ಬರಲು ಸಾವುಗಳೇ ಆಗಬೇಕಾಯಿತು. 1858ರಲ್ಲಿ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಪೆಪ್ಪರ್‌ಮಿಂಟ್ ತಿಂದು ಸುಮಾರು 20 ಮಂದಿ ಸತ್ತರು. 200ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಸಕ್ಕರೆ ದುಬಾರಿಯೆಂದು ಅದಕ್ಕೆ ಜಿಪ್ಸಮ್‌ನಂಥ ಅಗ್ಗದ ಪುಡಿ ಸೇರಿಸುವುದು ಆಗಿನ ರೂಢಿ. ಔಷಧದ ಅಂಗಡಿಯಲ್ಲಿ ಆ ಪುಡಿಯ ಬದಲು ತಪ್ಪಿ ಆರ್ಸೆನಿಕ್ ವಿಷ ಕೊಟ್ಟಿದ್ದರು. ವಿಷ ಸೇರಿದ್ದು ಆಕಸ್ಮಿಕ, ಆದರೆ ಅದಕ್ಕೆ ದಾರಿ ಮಾಡಿಕೊಟ್ಟದ್ದು ದಿನನಿತ್ಯದ ಮೋಸ. 1860ರಲ್ಲಿ ಬ್ರಿಟನ್ ಕಲಬೆರಕೆ ತಡೆ ಕಾನೂನು ತಂದಿತು. ಅದೇ ವರ್ಷ ಭಾರತಕ್ಕೆಂದು ರಚಿಸಿದ ದಂಡಸಂಹಿತೆಯಲ್ಲೂ ಕಲಬೆರಕೆ ಅಪರಾಧವಾಯಿತು.

1875ರ ಬ್ರಿಟಿಷ್ ಕಾನೂನು ಇನ್ನೂ ಸ್ಪಷ್ಟವಾಗಿತ್ತು. ಗ್ರಾಹಕ ಕೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು ಆಗಿ ಅವನಿಗೆ ನಷ್ಟವಾದರೆ ಅದು ತಪ್ಪು. ಹಾನಿಯಿಲ್ಲದ ವಸ್ತುವನ್ನು ಬೆರೆಸಿ, ‘ಇದು ಮಿಶ್ರಣ’ ಎಂದು ಚೀಟಿಯಲ್ಲಿ ಕಾಣುವಂತೆ ಬರೆದು ಮಾರಿದರೆ ತಪ್ಪಲ್ಲ. ಆದರೆ ತೂಕ ಹೆಚ್ಚಿಸಲೆಂದೋ ಕೀಳು ಗುಣಮಟ್ಟ ಮುಚ್ಚಲೆಂದೋ ಬೆರೆಸಿರಬಾರದು. ನಮ್ಮಲ್ಲಿ 1954ರ ಕಲಬೆರಕೆ ತಡೆ ಕಾಯಿದೆ ಇತ್ತು. ಅದರ ಜಾಗಕ್ಕೆ 2006ರಲ್ಲಿ ಅಂಗೀಕಾರವಾದ ಆಹಾರ ಸುರಕ್ಷತಾ ಕಾಯಿದೆ 2011ರಲ್ಲಿ ಜಾರಿಗೆ ಬಂತು. ಅದರ ನಿಯಮದಂತೆ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಬೇಕು. ಪೊಟ್ಟಣದ ಮೇಲೆ ಎರಡರ ಪ್ರಮಾಣವನ್ನೂ ಮುದ್ರಿಸಬೇಕು.

ನಮ್ಮ ಕನ್ನಡ ಈ ವ್ಯತ್ಯಾಸವನ್ನು ಬಲ್ಲದು. ಬೆರಕೆ ಸೊಪ್ಪಿನ ಸಾರನ್ನು ಚಪ್ಪರಿಸಿ ಉಣ್ಣುತ್ತೇವೆ. ಕಲಬೆರಕೆ ಎಣ್ಣೆಯನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಮೊದಲನೆಯದು ಕಣ್ಣೆದುರಿಗೇ ಬೆರೆತದ್ದು, ಎರಡನೆಯದು ಕಣ್ಣುತಪ್ಪಿಸಿ ಬೆರೆಸಿದ್ದು.

ಇಷ್ಟು ತಿಳಿದ ಮೇಲೆ ಒಂದು ಮಾತು. ಮುಂಬಯಿಯಲ್ಲಿ ಬೆಳೆದ ಮಗು ಕನ್ನಡದ ನಡುವೆ ನಾಲ್ಕು ಮರಾಠಿ ಪದ ಹಾಕಿದರೆ, ಚೆನ್ನೈನ ಮಗು ತಮಿಳು ಸೇರಿಸಿದರೆ, ‘ಕಲಬೆರಕೆ ಕನ್ನಡ’ ಎಂದು ಮೂಗು ಮುರಿಯುವವರಿದ್ದಾರೆ. ಆ ಮಗು ಯಾರನ್ನೂ ಮೋಸ ಮಾಡುತ್ತಿಲ್ಲ. ತನಗೆ ಸಿಕ್ಕ ಮಾತುಗಳಲ್ಲಿ ನಿಮ್ಮೊಡನೆ ಮಾತಾಡುತ್ತಿದೆ, ಅಷ್ಟೇ. ಅದನ್ನು ಬೆರಕೆ ಎನ್ನಿ, ಕಲಬೆರಕೆ ಎನ್ನಬೇಡಿ. ಗದರಿಸಿದರೆ ಇರುವ ಕನ್ನಡವೂ ನಿಂತುಹೋದೀತು.

ಮುಂದಿನ ಸಲ ಕಾಫಿಪುಡಿ ತಂದಾಗ ಪೊಟ್ಟಣದ ಮೇಲಿನ ಆ ಸಣ್ಣ ಅಕ್ಷರಗಳನ್ನು ಓದಿ. ಅವು ಅಲ್ಲಿಗೆ ಬರಲು ಬಹಳ ವರ್ಷ ಹಿಡಿದಿವೆ.