ಮಹಾರಾಷ್ಟ್ರದಲ್ಲಿ ಲಾರಿ ಚಾಲನಾ ಪರವಾನಗಿ: ಅರ್ಹತೆ, ವಿಧಾನ ಮತ್ತು ಎಚ್ಚರಿಕೆಗಳು

ಮುಂಬಯಿ ಮಹಾನಗರದ ಬದುಕು ಲಾರಿಗಳ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಾಗಲಾರದು. ವಾಶಿಯ ಕೃಷಿ ಉತ್ಪನ್ನ ಮಾರುಕಟ್ಟೆಗೆ ಬರುವ ತರಕಾರಿ, ಕಳಂಬೋಲಿಯ ಉಕ್ಕು, ನ್ಹಾವಾ ಶೇವಾ ಬಂದರಿನ ಕಂಟೇನರುಗಳು ಎಲ್ಲವೂ ಲಾರಿ ಚಾಲಕನ ಕೈಯಿಂದಲೇ ಸಾಗಬೇಕು. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳ ಮೂಲಕ ಬೆಂಗಳೂರಿಗೆ ಸಾಗುವ 48ನೇ ರಾಷ್ಟ್ರೀಯ ಹೆದ್ದಾರಿ ಮತ್ತು ಪನ್ವೇಲಿನಿಂದ ಕಾರವಾರ, ಉಡುಪಿ, ಮಂಗಳೂರುಗಳ ಕಡೆಗೆ ಇಳಿಯುವ 66ನೇ ರಾಷ್ಟ್ರೀಯ ಹೆದ್ದಾರಿ, ಇವೆರಡೂ ಮಹಾರಾಷ್ಟ್ರವನ್ನೂ ಕರ್ನಾಟಕವನ್ನೂ ಬೆಸೆದಿರುವ ದಾರಿಗಳು. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಸಾರಿಗೆ ಉದ್ಯಮವನ್ನು ಆರಂಭಿಸಿದ ವಿಜಯ ಸಂಕೇಶ್ವರರ ಉದಾಹರಣೆ ನಮ್ಮೆಲ್ಲರ ಮುಂದಿದೆ.

ಈ ನಗರದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹೋಟೆಲು, ಕೇಟರಿಂಗ್, ಮಸಾಲೆ ಹಾಗೂ ದಿನಸಿ ವ್ಯಾಪಾರಗಳಿಗಾಗಿ ಟೆಂಪೊ ಅಥವಾ ಲಾರಿ ಇಟ್ಟುಕೊಂಡವರಿದ್ದಾರೆ. ಚಾಲನೆಯನ್ನೇ ವೃತ್ತಿಯಾಗಿ ಆರಿಸಿಕೊಳ್ಳಬಯಸುವ ತರುಣರೂ ಇದ್ದಾರೆ. ಆದರೆ "ಲೈಸೆನ್ಸ್ ಇದೆಯಲ್ಲ, ಸಾಕು" ಎಂಬ ತಪ್ಪು ಭಾವನೆ ವ್ಯಾಪಕವಾಗಿದೆ. ಅಪಘಾತ ಸಂಭವಿಸಿ, ಆ ಲೈಸೆನ್ಸ್ ಆ ವಾಹನಕ್ಕೆ ಸಲ್ಲುವುದಿಲ್ಲವೆಂದು ತಿಳಿದುಬಂದಾಗ, ಪರಿಹಾರದ ಹೊರೆ ಒಂದು ಕುಟುಂಬದ ಜೀವಮಾನದ ಉಳಿತಾಯವನ್ನೇ ನುಂಗಬಲ್ಲದು. ಈ ಹಿನ್ನೆಲೆಯಲ್ಲಿ ಮಹಾರಾಷ್ಟ್ರದಲ್ಲಿ ಲಾರಿ ಚಾಲನಾ ಪರವಾನಗಿಯನ್ನು ಪಡೆಯುವ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ನೀಡಲಾಗಿದೆ.

ಕಾನೂನಿನ ಚೌಕಟ್ಟು

ಚಾಲನಾ ಪರವಾನಗಿಯ ವಿಷಯದಲ್ಲಿ ದೇಶಕ್ಕೆಲ್ಲ ಒಂದೇ ಕಾನೂನು ಅನ್ವಯಿಸುತ್ತದೆ. ಅದು 1988ರ ಮೋಟಾರು ವಾಹನ ಕಾಯ್ದೆ. ಇದು 1989ರ ಜುಲೈ 1ರಿಂದ ಜಾರಿಯಲ್ಲಿದೆ. ವಿವರಗಳು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿವೆ. ಇದಕ್ಕೆ ಪೂರಕವಾಗಿ 1989ರ ಮಹಾರಾಷ್ಟ್ರ ಮೋಟಾರು ವಾಹನ ನಿಯಮಗಳಿವೆ. ಕಾಯ್ದೆಗೆ 1994 ಮತ್ತು 2019ರಲ್ಲಿ ಮಹತ್ವದ ತಿದ್ದುಪಡಿಗಳಾದುದರಿಂದ ಹಳೆಯ ಪುಸ್ತಕಗಳಲ್ಲಿರುವ ಮಾಹಿತಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಪರವಾನಗಿ ನೀಡುವ ಅಧಿಕಾರ ಆರ್.ಟಿ.ಓ. ಎಂದೇ ಪರಿಚಿತವಾದ ಪ್ರಾದೇಶಿಕ ಸಾರಿಗೆ ಕಚೇರಿಗಳದು. ಮುಂಬಯಿಯಲ್ಲಿ ತಾಡದೇವ್, ಅಂಧೇರಿ, ವಡಾಲಾ ಮತ್ತು ಬೊರಿವಲಿಗಳಲ್ಲಿ ಈ ಕಚೇರಿಗಳಿದ್ದು, ಅವುಗಳ ಸಂಕೇತಗಳು ಅನುಕ್ರಮವಾಗಿ ಎಂ.ಎಚ್. 01, 02, 03 ಮತ್ತು 47. ಥಾಣೆಗೆ 04, ಕಲ್ಯಾಣಕ್ಕೆ 05, ನವಿಮುಂಬಯಿಗೆ 43, ಪನ್ವೇಲಿಗೆ 46, ವಸಯಿಗೆ 48, ಪುಣೆಗೆ 12, ಸೊಲ್ಲಾಪುರಕ್ಕೆ 13 ಮತ್ತು ಪಿಂಪ್ರಿ-ಚಿಂಚವಡಕ್ಕೆ 14 ಎಂಬ ಸಂಕೇತಗಳಿವೆ.

ಯಾವ ವಾಹನಕ್ಕೆ ಯಾವ ಪರವಾನಗಿ?

ಇಲ್ಲಿ ಮುಖ್ಯವಾದುದು ವಾಹನದ ಒಟ್ಟು ತೂಕ, ಅಂದರೆ ವಾಹನದ ಸ್ವಂತ ತೂಕ ಮತ್ತು ಅದು ಹೊರಬಹುದಾದ ಗರಿಷ್ಠ ಹೊರೆ ಇವೆರಡೂ ಸೇರಿದ ತೂಕ. ಇದು ವಾಹನದ ನೋಂದಣಿ ಪತ್ರದಲ್ಲಿ ನಮೂದಾಗಿರುತ್ತದೆ. ಕಾಯ್ದೆಯ ವಿಂಗಡಣೆ ಹೀಗಿದೆ:

- ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸರಕು ವಾಹನ: ಲಘು ಮೋಟಾರು ವಾಹನ
- 7,500 ಕಿಲೋಗ್ರಾಂ ಮೀರಿ 12,000 ಕಿಲೋಗ್ರಾಂವರೆಗೆ: ಮಧ್ಯಮ ಸರಕು ವಾಹನ
- 12,000 ಕಿಲೋಗ್ರಾಂ ಮೀರಿದ್ದು: ಭಾರೀ ಸರಕು ವಾಹನ

1994ರ ತಿದ್ದುಪಡಿಗೆ ಮುನ್ನ ಮಧ್ಯಮ ಮತ್ತು ಭಾರೀ ವಾಹನಗಳಿಗೆ ಪ್ರತ್ಯೇಕ ವರ್ಗಗಳಿದ್ದವು. ಆ ವರ್ಷದ ನವೆಂಬರ್ 14ರಿಂದ ಅವುಗಳನ್ನೆಲ್ಲ ಸೇರಿಸಿ "ಸಾರಿಗೆ ವಾಹನ" ಎಂಬ ಒಂದೇ ವರ್ಗವನ್ನು ಮಾಡಲಾಯಿತು. ಆದರೆ ಈ ಬದಲಾವಣೆಯಿಂದ ಹೊಸದೊಂದು ಗೊಂದಲ ಹುಟ್ಟಿತು. ಕಾರು ಓಡಿಸುವ ಪರವಾನಗಿ ಇರುವವನು ಚಿಕ್ಕ ಸರಕು ಟೆಂಪೊವನ್ನು ಓಡಿಸಬಹುದೇ, ಇಲ್ಲವೇ? ವಿಮಾ ಸಂಸ್ಥೆಗಳು ಇಲ್ಲವೆಂದು ವಾದಿಸುತ್ತಿದ್ದವು. 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಓಡಿಸಬಹುದೆಂದು ತೀರ್ಪಿತ್ತಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಇದನ್ನೇ ಎತ್ತಿಹಿಡಿಯಿತು.

ಆದುದರಿಂದ ಲಘು ಮೋಟಾರು ವಾಹನದ ಪರವಾನಗಿ ಹೊಂದಿದವರು 7,500 ಕಿಲೋಗ್ರಾಂ ಮಿತಿಯೊಳಗಿನ ಸರಕು ವಾಹನವನ್ನು ಪ್ರತ್ಯೇಕ ನಮೂದನೆಯಿಲ್ಲದೆ ಓಡಿಸಬಹುದು. "ಛೋಟಾ ಹಾಥಿ" ಎಂದು ಜನ ಕರೆಯುವ ಚಿಕ್ಕ ಟೆಂಪೊಗಳು ಈ ಮಿತಿಯೊಳಗೆ ಬರುತ್ತವೆ. ಅದಕ್ಕಿಂತ ಭಾರವಾದ ಯಾವುದೇ ಲಾರಿಗೆ ಸಾರಿಗೆ ವಾಹನದ ಪರವಾನಗಿ ಕಡ್ಡಾಯ. ಅಪಾಯಕಾರಿ ಸರಕು ಸಾಗಿಸುವ ವಾಹನಗಳಿಗಿರುವ ವಿಶೇಷ ನಿಯಮಗಳು ಈ ತೀರ್ಪಿನಿಂದ ಸಡಿಲಗೊಂಡಿಲ್ಲ.

ಅರ್ಹತೆಗಳು

1. ವಯಸ್ಸು 20 ವರ್ಷ ತುಂಬಿರಬೇಕು. ಕಾರಿಗೆ 18 ವರ್ಷ ಸಾಕಾದರೂ ಲಾರಿಗೆ ಸಾಲದು.
2. ಲಘು ಮೋಟಾರು ವಾಹನದ ಪರವಾನಗಿಯನ್ನು ಕನಿಷ್ಠ 1 ವರ್ಷ ಹೊಂದಿರಬೇಕು. ಇದಾಗದೆ ಸಾರಿಗೆ ವಾಹನದ ಕಲಿಕಾ ಪರವಾನಗಿ ಸಹ ದೊರೆಯದು.
3. ನೋಂದಾಯಿತ ವೈದ್ಯರಿಂದ "ನಮೂನೆ 1-ಎ"ಯಲ್ಲಿ ದೈಹಿಕ ಅರ್ಹತೆಯ ಪ್ರಮಾಣಪತ್ರ ಬೇಕು. ದೃಷ್ಟಿ, ಶ್ರವಣ, ಇರುಳುಗಣ್ಣು ಮೊದಲಾದವುಗಳನ್ನು ವೈದ್ಯರು ಪರೀಕ್ಷಿಸುತ್ತಾರೆ. ಒಳ್ಳೆಯ ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟನ್ನು ಓದಬಲ್ಲ ದೃಷ್ಟಿ ಇರಬೇಕು.
4. ಚಾಲನಾ ತರಬೇತಿ ಶಾಲೆಯಿಂದ "ನಮೂನೆ 5"ರಲ್ಲಿ ತರಬೇತಿ ಪ್ರಮಾಣಪತ್ರ ಬೇಕು. ಕಾರಿನ ಪರವಾನಗಿಯಂತೆ ಮನೆಯವರಿಂದಲೇ ಕಲಿತು ಪರೀಕ್ಷೆಗೆ ಹೋಗುವ ಅವಕಾಶ ಇಲ್ಲಿಲ್ಲ.

ಹಿಂದೆ ಸಾರಿಗೆ ವಾಹನದ ಚಾಲಕರು ಕನಿಷ್ಠ 8ನೇ ತರಗತಿ ಉತ್ತೀರ್ಣರಾಗಿರಬೇಕೆಂಬ ನಿಯಮವಿತ್ತು. ಓದು ಅರ್ಧಕ್ಕೆ ನಿಂತಿದ್ದರೂ ಚಾಲನೆಯಲ್ಲಿ ನುರಿತವರಾದ ಅನೇಕರಿಗೆ ಇದು ಅಡ್ಡಿಯಾಗಿತ್ತು. 2019ರಲ್ಲಿ ಈ ನಿಯಮವನ್ನು ತೆಗೆದುಹಾಕಲಾಗಿದೆ. ಆದುದರಿಂದ ಶಾಲಾ ಪ್ರಮಾಣಪತ್ರಕ್ಕಾಗಿ ಹಣ ಕೇಳುವ ಮಧ್ಯವರ್ತಿಗಳ ಮಾತಿಗೆ ಮರುಳಾಗಬಾರದು. ಪುರುಷರು, ಮಹಿಳೆಯರು ಎಂಬ ಭೇದವನ್ನೂ ಕಾನೂನು ಮಾಡುವುದಿಲ್ಲ.

ಪರವಾನಗಿ ಪಡೆಯುವ ಹೆಜ್ಜೆಗಳು

ಮೊದಲ ಹೆಜ್ಜೆ, ಕೇಂದ್ರ ಸಾರಿಗೆ ಸಚಿವಾಲಯದ "ಸಾರಥಿ" ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ ಸಾರಿಗೆ ವಾಹನದ ಕಲಿಕಾ ಪರವಾನಗಿ ಪಡೆಯುವುದು. ಇದರ ಅವಧಿ 6 ತಿಂಗಳು. ಕಲಿಯುವಾಗ ಆ ವಾಹನದ ಪರವಾನಗಿ ಹೊಂದಿದ ಬೋಧಕರು ಪಕ್ಕದಲ್ಲಿರಬೇಕು. ವಾಹನದ ಹಿಂದೂ ಮುಂದೂ ಬಿಳಿಯ ಹಿನ್ನೆಲೆಯಲ್ಲಿ ಕೆಂಪು "ಎಲ್" ಅಕ್ಷರವಿರಬೇಕು.

ಎರಡನೆಯ ಹೆಜ್ಜೆ ತರಬೇತಿ. ಸಾಮಾನ್ಯ ತರಬೇತಿ ಶಾಲೆಗಳಲ್ಲಿ ಸಾರಿಗೆ ವಾಹನದ ತರಬೇತಿ 30 ದಿನಗಳಿಗೆ ಕಡಿಮೆಯಿರಬಾರದು. ಅದರಲ್ಲಿ ಕನಿಷ್ಠ 15 ಗಂಟೆಗಳ ಕಾಲ ಅಭ್ಯರ್ಥಿಯೇ ವಾಹನವನ್ನು ಓಡಿಸಿರಬೇಕು. 2021ರ ಜುಲೈ 1ರಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳೆಂಬ ಹೊಸ ವ್ಯವಸ್ಥೆಯೂ ಬಂದಿದೆ. ಇವುಗಳಲ್ಲಿ ಮಧ್ಯಮ ಮತ್ತು ಭಾರೀ ವಾಹನಗಳ ತರಬೇತಿ 6 ವಾರಗಳಲ್ಲಿ ಒಟ್ಟು 38 ಗಂಟೆಗಳದು. ಅಲ್ಲಿ ಉತ್ತೀರ್ಣರಾದವರಿಗೆ ಆರ್.ಟಿ.ಓ. ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಶಾಲೆಗೆ ಸೇರುವ ಮುನ್ನ ಅದು ಯಾವ ಬಗೆಯದೆಂದು ವಿಚಾರಿಸಿಕೊಳ್ಳುವುದು ಒಳಿತು.

ಮೂರನೆಯ ಹೆಜ್ಜೆ ಪರೀಕ್ಷೆ. ಕಲಿಕಾ ಪರವಾನಗಿ ದೊರೆತು 30 ದಿನಗಳು ಕಳೆದ ನಂತರ ಹಾಗೂ ಅದರ ಅವಧಿ ಮುಗಿಯುವುದರೊಳಗೆ ಪರೀಕ್ಷೆಗೆ ಹಾಜರಾಗಬೇಕು. ಯಾವ ಬಗೆಯ ವಾಹನಕ್ಕೆ ಪರವಾನಗಿ ಬೇಕೋ ಅದೇ ಬಗೆಯ ವಾಹನದಲ್ಲಿ ಪರೀಕ್ಷೆ ನಡೆಯುತ್ತದೆ. ಗೇರು ಬದಲಾವಣೆ, ಸಂಜ್ಞೆಗಳು, ಕನ್ನಡಿಯ ಬಳಕೆ, ಹಿಮ್ಮುಖ ಚಾಲನೆ, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಹೊರಡಿಸುವುದು ಮೊದಲಾದವುಗಳನ್ನು ನಿರೀಕ್ಷಕರು ಗಮನಿಸುತ್ತಾರೆ. ಅನುತ್ತೀರ್ಣರಾದರೆ 7 ದಿನಗಳ ನಂತರ ಮತ್ತೆ ಹಾಜರಾಗಬಹುದು. ಮೂರು ಬಾರಿಯೂ ಅನುತ್ತೀರ್ಣರಾದರೆ ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು.

2016ರಲ್ಲಿ ಪರಿಷ್ಕರಿಸಿದ ಕೇಂದ್ರ ನಿಯಮದ ಪ್ರಕಾರ ಕಲಿಕಾ ಪರವಾನಗಿಗೆ ಪ್ರತಿ ವರ್ಗಕ್ಕೆ 150 ರೂಪಾಯಿ, ಚಾಲನಾ ಪರೀಕ್ಷೆಗೆ 300 ರೂಪಾಯಿ, ಇರುವ ಪರವಾನಗಿಗೆ ಹೊಸ ವರ್ಗ ಸೇರಿಸಲು 500 ರೂಪಾಯಿ ಶುಲ್ಕವಿದೆ. ಇತರ ಸೇವಾ ಶುಲ್ಕಗಳು ಪ್ರತ್ಯೇಕ. ಸರಕಾರಕ್ಕೆ ಸಲ್ಲುವ ಹಣ ಇಷ್ಟು ಸಾಧಾರಣವಾದುದು ಎಂಬುದನ್ನು ತಿಳಿದಿದ್ದರೆ ದಲ್ಲಾಳಿಯು ಹೇಳುವ ಮೊತ್ತವನ್ನು ಅಳೆಯುವುದು ಸುಲಭ. ಮುಖ್ಯ ವೆಚ್ಚ ತರಬೇತಿಯದು, ಅದು ವ್ಯರ್ಥವಲ್ಲ.

ಊರಿನ ಪರವಾನಗಿ ಇದ್ದವರಿಗೆ

ಕರ್ನಾಟಕದಲ್ಲಿ ಪಡೆದ ಚಾಲನಾ ಪರವಾನಗಿ ಭಾರತದಾದ್ಯಂತ ಸಲ್ಲುತ್ತದೆ. ಮಹಾರಾಷ್ಟ್ರಕ್ಕೆ ಬಂದ ಮಾತ್ರಕ್ಕೆ ಹೊಸದನ್ನು ಮಾಡಿಸಬೇಕಾಗಿಲ್ಲ. ಅಷ್ಟೇ ಅಲ್ಲ, ಒಬ್ಬ ವ್ಯಕ್ತಿ ಜಾರಿಯಲ್ಲಿರುವ ಎರಡು ಪರವಾನಗಿಗಳನ್ನು ಹೊಂದುವುದನ್ನು ಕಾಯ್ದೆ ನಿಷೇಧಿಸಿದೆ. ಊರಿನದನ್ನು ಪೆಟ್ಟಿಗೆಯಲ್ಲಿಟ್ಟು ಇಲ್ಲಿ ಮತ್ತೊಂದನ್ನು ಪಡೆಯುವುದು ಅಪರಾಧವೇ ಸರಿ. ಇರುವ ಪರವಾನಗಿಯಲ್ಲಿಯೇ ವಿಳಾಸವನ್ನು ಬದಲಾಯಿಸಿಕೊಂಡು, ಅದಕ್ಕೆ ಸಾರಿಗೆ ವಾಹನದ ವರ್ಗವನ್ನು ಸೇರಿಸಿಕೊಳ್ಳುವುದು ಸರಿಯಾದ ಮಾರ್ಗ. ಪರವಾನಗಿಯು ಹಳೆಯ ಪುಸ್ತಕದ ರೂಪದಲ್ಲಿದ್ದು ಸಾರಥಿ ದಾಖಲೆಯಲ್ಲಿ ಇಲ್ಲದಿದ್ದರೆ, ಅದನ್ನು ನೀಡಿದ ಊರಿನ ಕಚೇರಿಯಿಂದಲೇ ಗಣಕೀಕರಣ ಮಾಡಿಸಬೇಕಾಗುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಈ ಕೆಲಸವನ್ನು ಮೊದಲು ಮುಗಿಸಿಕೊಂಡರೆ ಮುಂದಿನ ಅಲೆದಾಟ ತಪ್ಪುತ್ತದೆ.

ಅಪಾಯಕಾರಿ ಸರಕು

ಪೆಟ್ರೋಲು, ಅನಿಲ, ಆಮ್ಲ ಮೊದಲಾದ ಅಪಾಯಕಾರಿ ಸರಕುಗಳ ಟ್ಯಾಂಕರ್ ಓಡಿಸಲು ಸಾರಿಗೆ ಪರವಾನಗಿಯೊಂದೇ ಸಾಲದು. ನಿಗದಿತ ಪಠ್ಯಕ್ರಮದ 3 ದಿನಗಳ ತರಬೇತಿ ಪಡೆದು, ಪರವಾನಗಿಯಲ್ಲಿ ನಮೂದು ಮಾಡಿಸಬೇಕು. ಕೇಂದ್ರ ನಿಯಮಗಳ 9ನೇ ನಿಯಮದಂತೆ ಚಾಲಕನಿಗೆ ಸಂವಿಧಾನದ 8ನೇ ಅನುಸೂಚಿಯ ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷನ್ನು ಓದಿ ಬರೆಯಲು ಬರಬೇಕು. ಕನ್ನಡವು ಆ ಅನುಸೂಚಿಯ ಭಾಷೆಯಾದುದರಿಂದ ಕನ್ನಡ ಬಲ್ಲವರು ಭಾರತೀಯ ಭಾಷೆಯ ಅಗತ್ಯವನ್ನು ಕನ್ನಡದಿಂದಲೇ ಪೂರೈಸಬಹುದು. ಟ್ಯಾಂಕರು ಮಗುಚಿದಾಗ ಅದರ ಮೇಲಿನ ತುರ್ತು ಸೂಚನೆಯನ್ನು ಓದಲಾರದ ಚಾಲಕನಿಂದ ಒಂದು ಬಡಾವಣೆಗೇ ಅಪಾಯವಾಗಬಹುದೆಂಬುದನ್ನು ನೆನೆದರೆ ಈ ನಿಯಮದ ಮಹತ್ವ ತಿಳಿಯುತ್ತದೆ.

ಅವಧಿ ಮತ್ತು ನವೀಕರಣ

2019ರ ತಿದ್ದುಪಡಿಯ ಬಳಿಕ ಸಾರಿಗೆ ವಾಹನದ ಪರವಾನಗಿಯ ಅವಧಿ 5 ವರ್ಷ. ಹಿಂದೆ ಅದು 3 ವರ್ಷವಾಗಿತ್ತು. ಅಪಾಯಕಾರಿ ಸರಕಿನ ಪರವಾನಗಿಯ ಅವಧಿ 3 ವರ್ಷ, ನವೀಕರಣಕ್ಕೆ ಪುನಶ್ಚೇತನ ತರಬೇತಿಯೂ ಬೇಕು. ಅವಧಿ ಮುಗಿಯುವ 1 ವರ್ಷ ಮೊದಲಿನಿಂದಲೇ ನವೀಕರಣದ ಅರ್ಜಿ ಸಲ್ಲಿಸಬಹುದು. ಮುಗಿದು 1 ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಎದುರಿಸಬೇಕು. ಮೊದಲಿದ್ದ 30 ದಿನಗಳ ರಿಯಾಯಿತಿಯನ್ನು 2019ರಲ್ಲಿ ತೆಗೆದುಹಾಕಲಾಗಿದೆ ಎಂಬುದನ್ನು ಎಲ್ಲರೂ ವಿಶೇಷವಾಗಿ ಗಮನಿಸಬೇಕು. ಅವಧಿ ಮುಗಿದ ಮರುದಿನ ಸ್ಟಿಯರಿಂಗ್ ಹಿಡಿದರೂ ಅದು ಪರವಾನಗಿಯಿಲ್ಲದ ಚಾಲನೆಯೇ.

ಚಾಲಕರ ಮತ್ತು ಮಾಲೀಕರ ಹೊಣೆ

ಪರವಾನಗಿಯಿಲ್ಲದೆ ವಾಹನ ಓಡಿಸಿದರೆ ಚಾಲಕನಿಗೆ 5,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಅಂಥವನಿಗೆ ವಾಹನ ಕೊಟ್ಟ ಮಾಲೀಕನೂ ಶಿಕ್ಷೆಗೆ ಗುರಿಯಾಗುತ್ತಾನೆ. ಮಿತಿಮೀರಿ ಹೊರೆ ಹೇರಿದರೆ 20,000 ರೂಪಾಯಿ ಹಾಗೂ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಮದ್ಯಪಾನ ಮಾಡಿ ಓಡಿಸಿದರೆ ಮೊದಲ ಬಾರಿಗೆ 10,000 ರೂಪಾಯಿವರೆಗೆ ದಂಡ ಅಥವಾ 6 ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಅಪಘಾತವಾದಾಗ ಗಾಯಾಳುವಿಗೆ ವೈದ್ಯಕೀಯ ನೆರವು ದೊರಕಿಸುವುದೂ ಪೊಲೀಸರಿಗೆ ತಿಳಿಸುವುದೂ ಚಾಲಕನ ಕಾನೂನುಬದ್ಧ ಕರ್ತವ್ಯ.

ದಂಡಕ್ಕಿಂತಲೂ ಭಾರವಾದುದು ಪರಿಹಾರದ ಪ್ರಶ್ನೆ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕುರಿತು ಮಾರ್ಗದರ್ಶನ ನೀಡಿದೆ. ನೊಂದವರಿಗೆ ವಿಮಾ ಸಂಸ್ಥೆಯೇ ಪರಿಹಾರ ಕೊಡಬೇಕಾಗಿ ಬಂದರೂ, ಮಾಲೀಕನ ಕಡೆಯಿಂದ ಷರತ್ತಿನ ಉಲ್ಲಂಘನೆಯಾಗಿದೆಯೆಂದು ಸಿದ್ಧವಾದರೆ ಆ ಹಣವನ್ನು ಅದು ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು. ಚಾಲಕನ ಪರವಾನಗಿಯನ್ನು ಸಮಂಜಸವಾದ ಎಚ್ಚರಿಕೆಯಿಂದ ಪರಿಶೀಲಿಸಿದ ಮಾಲೀಕನಿಗೆ ಮಾತ್ರ ರಕ್ಷಣೆಯಿದೆ. ಹೀಗಾಗಿ ಚಾಲಕರನ್ನು ನೇಮಿಸಿಕೊಳ್ಳುವ ನಮ್ಮ ಉದ್ಯಮಿ ಬಂಧುಗಳು ಈ ಕೆಳಗಿನ ಕ್ರಮಗಳನ್ನು ತಪ್ಪದೆ ಪಾಲಿಸಬೇಕು:

- ಪರವಾನಗಿಯ ಮೂಲಪ್ರತಿಯನ್ನು ನೋಡಿ, ಅದರ ಸಂಖ್ಯೆಯನ್ನು ಪರಿವಾಹನ್ ಜಾಲತಾಣದಲ್ಲಿ ತಾಳೆ ನೋಡುವುದು.
- ವಾಹನದ ಒಟ್ಟು ತೂಕ 7,500 ಕಿಲೋಗ್ರಾಂ ಮೀರಿದ್ದರೆ ಪರವಾನಗಿಯಲ್ಲಿ ಸಾರಿಗೆ ವಾಹನದ ವರ್ಗವಿದೆಯೇ ಎಂದು ಖಚಿತಪಡಿಸಿಕೊಳ್ಳುವುದು.
- ಸಾರಿಗೆ ವರ್ಗದ ಅವಧಿ ಮುಗಿಯುವ ದಿನಾಂಕವನ್ನು ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳುವುದು. ಕಾರಿನ ವರ್ಗದ ಅವಧಿ ಇನ್ನೂ ಉಳಿದಿರುವಾಗಲೇ ಇದು ಮುಗಿದಿರಬಹುದು.
- ತಾಳೆ ನೋಡಿದ ಪ್ರತಿಯನ್ನು ದಿನಾಂಕ ಸಹಿತ ಕಡತದಲ್ಲಿ ಇಡುವುದು.

ಲಾರಿ ಚಾಲನೆ ಕಷ್ಟದ ವೃತ್ತಿ. ಮನೆಯಿಂದ ದೂರ, ನಿದ್ರೆಗೆ ಹೊತ್ತಿಲ್ಲ, ಘಾಟಿಯ ಇಳಿಜಾರಿನಲ್ಲಿ ಒಂದು ಕ್ಷಣದ ಮೈಮರೆವಿಗೂ ಎಡೆಯಿಲ್ಲ. ಖಂಡಾಲೆಯ ಇಳಿಜಾರಿನಲ್ಲಿ ಹೊರೆ ತುಂಬಿದ ವಾಹನವನ್ನು ತಡೆದು ನಿಲ್ಲಿಸಬಲ್ಲುದು ಕಲಿತ ವಿದ್ಯೆಯೇ ಹೊರತು ಕೊಂಡು ತಂದ ಕಾಗದವಲ್ಲ. ಆದುದರಿಂದ ಈ ವೃತ್ತಿಗೆ ಬರಬಯಸುವ ತರುಣರು ಹತ್ತಿರದ ದಾರಿಯನ್ನು ಹುಡುಕದೆ, ಒಂದು ವರ್ಷದ ಲಘು ವಾಹನದ ಅನುಭವ ಮತ್ತು ಪೂರ್ಣ ತರಬೇತಿಯೊಂದಿಗೆ ಪರೀಕ್ಷೆಗೆ ಹೋಗಬೇಕೆಂದೂ, ಮನೆಯ ಹಿರಿಯರು ಅದಕ್ಕೆ ಬೇಕಾದ ಕಾಲಾವಕಾಶವನ್ನೂ ವೆಚ್ಚವನ್ನೂ ಒದಗಿಸಬೇಕೆಂದೂ ವಿನಂತಿ. ಅರ್ಜಿ ಸಲ್ಲಿಸುವ ಮುನ್ನ ಶುಲ್ಕ ಮತ್ತು ದಾಖಲೆಗಳ ಪಟ್ಟಿಯನ್ನು ಸಾರಥಿ ಜಾಲತಾಣದಲ್ಲಿ ಅಥವಾ ತಮ್ಮ ವ್ಯಾಪ್ತಿಯ ಸಾರಿಗೆ ಕಚೇರಿಯಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳುವುದು ಸೂಕ್ತ.